ಪತ್ರಗಳಲ್ಲಿ ತಮ್ಮ ಪಾಠವನ್ನು ತಾವೇ ತೂಗಿದ ಆನ್ ಸಲಿವನ್

ಹೆಲೆನ್ ಕೆಲ್ಲರ್ ಅವರ ಗುರು ಆನ್ ಸಲಿವನ್ ಹುಟ್ಟಿದ್ದು 1866ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಬಾಲ್ಯದಲ್ಲೇ ದೃಷ್ಟಿ ಬಹುಪಾಲು ಹೋಯಿತು. ನಿರ್ಗತಿಕರ ಆಶ್ರಯದಿಂದ ಪರ್ಕಿನ್ಸ್ ಅಂಧರ ಶಾಲೆ ಸೇರಿ 1886ರಲ್ಲಿ ಓದು ಮುಗಿಸಿದರು.

1887ರ ಮಾರ್ಚ್ 3ರಂದು ಅಲಬಾಮಾದ ಟಸ್ಕಂಬಿಯಾಕ್ಕೆ ಬಂದಾಗ ಅವರ ವಯಸ್ಸು 20. ಕಣ್ಣು ಕಾಣದ, ಕಿವಿ ಕೇಳದ ಆರು ವರ್ಷದ ಹೆಲೆನ್‌ಳ ಅಂಗೈಯಲ್ಲಿ ಬೆರಳಿನಿಂದ ಪದಗಳ ಅಕ್ಷರಗಳನ್ನು ಮೂಡಿಸಿ ಕಲಿಸತೊಡಗಿದರು. ಮಗು ಲೋಟ, ಹಾಲು ಎಂಬ ಪದಗಳನ್ನು ಅದಲುಬದಲು ಮಾಡುತ್ತಿತ್ತು. ಏಪ್ರಿಲ್ 5ರಂದು ಪಂಪಿನ ನೀರು ಕೈಮೇಲೆ ಸುರಿಯುತ್ತಿದ್ದಾಗ ‘ನೀರು’ ಎಂಬ ಪದ ಮೂಡಿಸಿದರು. ವಸ್ತುಗಳಿಗೆ ಹೆಸರಿದೆ ಎಂಬುದು ಹೆಲೆನ್‌ಗೆ ಹೊಳೆಯಿತು.

ನಾವು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತೇವೆ. ಶಿಕ್ಷಕರಾಗುವವರಿಗೆ ಮುಂದಿನದೇ ಮುಖ್ಯ ಎಂದು ನನ್ನ ಅನಿಸಿಕೆ. ಗೆಲುವು ಸಿಕ್ಕ ವಿಧಾನಕ್ಕೇ ಅವರು ಅಂಟಿಕೊಳ್ಳಲಿಲ್ಲ. ಹೆಲೆನ್‌ಳ ಬಂಧುವಾದ ಸುಮಾರು 15 ತಿಂಗಳ ಮಗುವನ್ನು ಗಮನಿಸಿದರು. ಅದು ಮಾತನಾಡುವುದಕ್ಕೆ ಮೊದಲೇ ಮನೆಯವರ ಮಾತನ್ನು ಗ್ರಹಿಸುತ್ತಿತ್ತು. ಆದ್ದರಿಂದ ವೇಳೆಗೆ ಕಟ್ಟಿದ ಪಾಠಗಳನ್ನು ಬಿಟ್ಟು, ಹೆಲೆನ್‌ಳ ಕೈಯಲ್ಲಿ ಪೂರ್ಣ ವಾಕ್ಯಗಳಲ್ಲೇ ‘ಮಾತನಾಡ’ತೊಡಗಿದರು.

ಏನು ಫಲಿಸಿತು, ಏನು ಫಲಿಸಲಿಲ್ಲ, ಏಕೆ ಬದಲಿಸಿದೆ ಎಂಬುದನ್ನೆಲ್ಲ ಅವರು ಪರ್ಕಿನ್ಸ್‌ನ ಸೋಫಿಯಾ ಹಾಪ್ಕಿನ್ಸ್ ಅವರಿಗೆ ಪತ್ರಗಳಲ್ಲಿ ತಿಳಿಸಿದರು. 1903ರಲ್ಲಿ ಹೆಲೆನ್ ಆತ್ಮಕಥೆಯ ಜೊತೆ ಅವುಗಳ ಭಾಗಗಳೂ ಅಚ್ಚಾದವು. ಸಲಿವನ್ 1936ರಲ್ಲಿ ತೀರಿಕೊಂಡರು.

ಪಾಠಯೋಜನೆಯ ಕೊನೆಯಲ್ಲಿ ನಾವು ‘ಉದ್ದೇಶ ಈಡೇರಿತು’ ಎಂದು ಬರೆದರೆ ಅಂಕ ಸಿಗಬಹುದು. ಯಾವ ಮಗು ಎಲ್ಲಿ ತಡವರಿಸಿತು, ನಾಳೆ ಏನು ಬದಲಿಸುವೆ ಎಂದು ಬರೆದರೆ ಮಾತ್ರ ನಾಳೆಯ ಪಾಠ ಬದಲಾಗುತ್ತದೆ.