ಒತ್ತೆಯಿಟ್ಟ ಗಡಿಯಾರ

ಅಮೆರಿಕದ ವರ್ಜೀನಿಯಾದಲ್ಲಿ 1856ರಲ್ಲಿ ಗುಲಾಮ ತಾಯಿಯ ಮಗನಾಗಿ ಹುಟ್ಟಿದವರು ಬೂಕರ್ ಟಿ. ವಾಷಿಂಗ್ಟನ್. ಬಿಡುಗಡೆ ಸಿಕ್ಕಾಗ ಅವರಿಗೆ ಒಂಬತ್ತು ವರ್ಷ. ಉಪ್ಪು ಕಾಯಿಸುವ ಕುಲುಮೆಯಲ್ಲಿ, ಕಲ್ಲಿದ್ದಲು ಗಣಿಯಲ್ಲಿ ದುಡಿಯುತ್ತಲೇ ಅಕ್ಷರ ಕಲಿತರು. ಸುಮಾರು 500 ಮೈಲಿ ದೂರದ ಹ್ಯಾಂಪ್ಟನ್ ಶಾಲೆಗೆ ನಡೆದು, ಸಿಕ್ಕ ಗಾಡಿ ಹತ್ತಿ ತಲುಪಿದರು. ಅಲ್ಲಿ ಕೋಣೆಯೊಂದನ್ನು ಗುಡಿಸಿ ಒರೆಸಿದ್ದೇ ಅವರ ಪ್ರವೇಶ ಪರೀಕ್ಷೆ!

1881ರಲ್ಲಿ ಅಲಬಾಮಾದ ಟಸ್ಕೀಗಿಯಲ್ಲಿ ಕಪ್ಪು ಜನರಿಗಾಗಿ ಆರಂಭವಾದ ಶಾಲೆಯ ಹೊಣೆ ಹೊತ್ತರು. ಕಟ್ಟಡಕ್ಕೆ ಇಟ್ಟಿಗೆ ಬೇಕಿತ್ತು. ವಿದ್ಯಾರ್ಥಿಗಳೇ ಮಣ್ಣು ಕಲಸಿ ಅಚ್ಚು ಹಾಕಿದರು. ಆದರೆ ಒಂದಾದ ಮೇಲೊಂದು ಮೂರು ಗೂಡು ಕೆಟ್ಟವು. ಕೈಯಲ್ಲಿ ಕಾಸಿಲ್ಲ. ತಮ್ಮ ಗಡಿಯಾರವನ್ನು 15 ಡಾಲರ್‌ಗೆ ಒತ್ತೆಯಿಟ್ಟು ನಾಲ್ಕನೆಯ ಗೂಡಿಗೆ ಬೆಂಕಿ ಕೊಟ್ಟರು. ಈ ಸಲ ಇಟ್ಟಿಗೆ ಚೆನ್ನಾಗಿ ಬೆಂದವು. ಗಡಿಯಾರ ಮಾತ್ರ ವಾಪಸು ಬರಲಿಲ್ಲ. ಮುಂದೆ ಸುತ್ತಲಿನ ಬಿಳಿಯರೂ ಅಲ್ಲಿಗೇ ಇಟ್ಟಿಗೆ ಕೊಳ್ಳಲು ಬಂದರು.

1900ರಲ್ಲಿ ಕಪ್ಪು ವ್ಯಾಪಾರಿಗಳ ರಾಷ್ಟ್ರೀಯ ಸಂಘ ಕಟ್ಟಿದರು. ಮೊದಲು ಕಸುಬು, ಹಕ್ಕುಗಳು ಆಮೇಲೆ ಎಂಬ ಅವರ ದಾರಿಯನ್ನು ಡು ಬಾಯ್ಸ್ ಕಟುವಾಗಿ ಟೀಕಿಸಿದರು. ಮತದ ಹಕ್ಕಿಲ್ಲದವರ ಗಳಿಕೆಗೆ ರಕ್ಷಣೆ ಎಲ್ಲಿ ಎಂಬ ಆ ಪ್ರಶ್ನೆ ಸುಳ್ಳಲ್ಲ. ಆದರೂ 1915ರಲ್ಲಿ ಬೂಕರ್ ತೀರಿಕೊಂಡಾಗ ಟಸ್ಕೀಗಿಯಲ್ಲಿ ನೂರರಷ್ಟು ಕಟ್ಟಡಗಳಿದ್ದವು. ಲ್ಯಾಬ್‌ನಲ್ಲಿ ಒಂದು ಪ್ರಯೋಗ ಕೆಟ್ಟರೆ ಪಕ್ಕದವರ ರೀಡಿಂಗ್ ನಕಲು ಮಾಡುವ ನನಗೆ ಆ ನಾಲ್ಕನೆಯ ಗೂಡು ನೆನಪಾಗುತ್ತದೆ.