ಬಾಯಾರಿದವರ ಪರ ದನಿ ಎತ್ತಿದ ಸಂತ ದ್ವಿತೀಯ ಜಾನ್ ಪಾವ್ಲ್

1986ರ ಫೆಬ್ರವರಿ 6ರಂದು ಪೋಪ್ ದ್ವಿತೀಯ ಜಾನ್ ಪಾವ್ಲ್ ಮಂಗಳೂರಿಗೆ ಬಂದಿದ್ದರು. ಅಂದು ಅವರನ್ನು ಕಣ್ಣಾರೆ ಕಂಡವರು ನಮ್ಮ ಧರ್ಮಕೇಂದ್ರಗಳಲ್ಲಿ ಇಂದಿಗೂ ಇದ್ದಾರೆ. ಅವರ ಪ್ರವಾಸಗಳ ಬಗ್ಗೆ, ಯುವಜನರ ಮೇಲಿನ ಅವರ ಪ್ರೀತಿಯ ಬಗ್ಗೆ ನಾವು ಬಹಳ ಕೇಳಿದ್ದೇವೆ. ಬಡವರ ಕುಡಿಯುವ ನೀರಿಗಾಗಿ ಅವರು ಮಾಡಿದ ಕೆಲಸ ಮಾತ್ರ ನಮ್ಮಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಕರೋಲ್ ವೊಯ್ತಿವಾ 1920ರ ಮೇ 18ರಂದು ಪೋಲೆಂಡಿನ ವಾದೊವಿತ್ಸೆ ಎಂಬ ಪಟ್ಟಣದಲ್ಲಿ ಜನಿಸಿದರು. 1929ರಲ್ಲಿ ತಾಯಿ, 1932ರಲ್ಲಿ ಅಣ್ಣ, 1941ರಲ್ಲಿ ತಂದೆ ತೀರಿಕೊಂಡರು. ಇಪ್ಪತ್ತೊಂದು ತುಂಬುವ ಮೊದಲೇ ಅವರು ಒಂಟಿಯಾದರು. ಜರ್ಮನ್ ಆಕ್ರಮಣದ ಆ ದಿನಗಳಲ್ಲಿ ಅವರು ಮೊದಲು ಕಲ್ಲಿನ ಕೋರೆಯಲ್ಲಿ, ಬಳಿಕ ಸೋಲ್ವೇ ರಾಸಾಯನಿಕ ಕಾರ್ಖಾನೆಯ ನೀರು ಶುದ್ಧೀಕರಿಸುವ ವಿಭಾಗದಲ್ಲಿ ದುಡಿದರು. ಹೆಗಲ ಮೇಲಿನ ಕಾವಡಿಯಲ್ಲಿ ಸುಣ್ಣದ ಬಕೆಟ್‌ಗಳನ್ನು ಹೊರುವುದು ಅವರ ಕೆಲಸವಾಗಿತ್ತು. ಅದೇ ಕಾಲದಲ್ಲಿ ಗುಟ್ಟಾಗಿ ದೇವಶಾಸ್ತ್ರ ಕಲಿತು 1946ರ ನವೆಂಬರ್ 1ರಂದು ಗುರುದೀಕ್ಷೆ ಪಡೆದರು. 1978ರ ಅಕ್ಟೋಬರ್ 16ರಂದು ಪೋಪ್ ಆಗಿ ಚುನಾಯಿತರಾದರು.

1980ರ ಮೇ ತಿಂಗಳಲ್ಲಿ ಅವರು ಮೊದಲ ಬಾರಿಗೆ ಪೋಪ್ ಆಗಿ ಆಫ್ರಿಕಾ ಪ್ರವಾಸ ಕೈಗೊಂಡರು. ಸಹಾರಾ ಮರುಭೂಮಿಯ ದಕ್ಷಿಣದ ಅಂಚಿಗೆ ಸಾಹೆಲ್ ಎಂದು ಹೆಸರು. ಅರಬ್ಬಿ ಭಾಷೆಯಲ್ಲಿ ಅದರ ಅರ್ಥ ತೀರ. ನಮ್ಮದು ಕಡಲ ತೀರವಾದರೆ ಅವರದು ಮರಳಿನ ತೀರ. 1968ರಿಂದ ಕೆಲವು ವರ್ಷ ಅಲ್ಲಿ ಭೀಕರ ಬರ ಬಿದ್ದಿತ್ತು. ಬಾವಿಗಳು ಬತ್ತಿದವು, ದನಕರುಗಳು ಸತ್ತವು, ಜನ ಊರು ಬಿಟ್ಟರು. ಉಳಿದ ಹೊಂಡಗಳ ನೀರು ಕುಡಿದವರಿಗೆ ವಾಂತಿಭೇದಿ, ನಾರುಹುಣ್ಣು ಅಂಟುತ್ತಿದ್ದವು. ನಾರುಹುಣ್ಣಿನ ಹುಳು ನೀರಿನೊಡನೆ ಹೊಟ್ಟೆ ಸೇರಿ, ಸುಮಾರು ಒಂದು ವರ್ಷದ ನಂತರ ಕಾಲಿನ ಚರ್ಮ ಒಡೆದು ಹೊರಬರುತ್ತದೆ. ಕರ್ನಾಟಕದ ಹಳ್ಳಿಗಳನ್ನೂ ಹಿಂದೆ ಕಾಡಿದ್ದ ಈ ರೋಗದಿಂದ ಭಾರತ ಮುಕ್ತವೆಂದು ಘೋಷಣೆಯಾದದ್ದು 2000ದಲ್ಲಿ.

ಮೇ 10ರಂದು ಪೋಪ್ ಅಪ್ಪರ್ ವೋಲ್ಟಾದ (ಈಗಿನ ಬುರ್ಕಿನಾ ಫಾಸೊ) ರಾಜಧಾನಿ ವಾಗಾಡೂಗುವಿನಲ್ಲಿ ಇಡೀ ಜಗತ್ತಿಗೆ ಮನವಿ ಮಾಡಿದರು. ನೀರು ಮತ್ತು ರೊಟ್ಟಿ ಇಲ್ಲದೆ ಸತ್ತ ಅಮಾಯಕರ ಪರವಾಗಿ, ಮಾತನಾಡಲು ದನಿ ಇಲ್ಲದವರ ಪರವಾಗಿ ತಾವು ಮಾತನಾಡುತ್ತಿರುವುದಾಗಿ ತಿಳಿಸಿದರು. ಜರ್ಮನಿಯ ಕಥೋಲಿಕರು ಉದಾರವಾಗಿ ಕಾಣಿಕೆ ನೀಡಿದರು. ಆ ನೆರವಿನಿಂದ 1984ರ ಫೆಬ್ರವರಿ 22ರಂದು ಸಾಹೆಲ್‌ಗಾಗಿ ಜಾನ್ ಪಾವ್ಲ್ ದ್ವಿತೀಯ ಪ್ರತಿಷ್ಠಾನ ಸ್ಥಾಪನೆಯಾಯಿತು. ಮುಂದೆ ಇಟಲಿಯ ಧರ್ಮಾಧ್ಯಕ್ಷರೂ ಕೈಜೋಡಿಸಿದರು.

ಈ ಪ್ರತಿಷ್ಠಾನದ ರೀತಿನೀತಿಯನ್ನು ನಾವು ಗಮನಿಸಬೇಕು. ಅದರ ಕಚೇರಿ ಇರುವುದು ರೋಮಿನಲ್ಲಲ್ಲ, ವಾಗಾಡೂಗುವಿನಲ್ಲಿ. ಬುರ್ಕಿನಾ ಫಾಸೊ, ಮಾಲಿ, ನೈಜರ್, ಚಾಡ್, ಸೆನೆಗಲ್, ಮಾರಿಟೇನಿಯಾ, ಗ್ಯಾಂಬಿಯಾ, ಗಿನಿ ಬಿಸಾವ್, ಕೇಪ್ ವರ್ಡ್ ಈ 9 ದೇಶಗಳ ಧರ್ಮಾಧ್ಯಕ್ಷರೇ ಅದನ್ನು ನಡೆಸುತ್ತಾರೆ. ಹಣ ಹೊರಗಿನಿಂದ ಬಂದರೂ ತೀರ್ಮಾನ ಅಲ್ಲಿನವರದೇ. ಬಾವಿ, ಪಂಪು, ಗಿಡ ನೆಡುವಿಕೆಗಳ ಜೊತೆಗೆ ಸ್ಥಳೀಯರಿಗೆ ತರಬೇತಿ ನೀಡುವುದೂ ಅದರ ಮುಖ್ಯ ಕೆಲಸ. ಇದಕ್ಕೆ ಕಾರಣವಿದೆ. ವಿದೇಶಿ ನೆರವಿನಿಂದ ಹಾಕಿದ ಎಷ್ಟೋ ಕೈಪಂಪುಗಳು ಬಿಡಿಭಾಗ ಸಿಗದೆ, ರಿಪೇರಿ ತಿಳಿದವರಿಲ್ಲದೆ ಕೆಟ್ಟು ನಿಂತಿವೆ. ಪಂಪು ಕೆಟ್ಟ ದಿನವೇ ಆ ಊರಿನ ತಾಯಂದಿರು ಮತ್ತೆ ಹೊಂಡದ ದಾರಿ ಹಿಡಿಯಬೇಕಾಗುತ್ತದೆ. ನೆರವು ಪಡೆಯುವವರಲ್ಲಿ ಹೆಚ್ಚಿನವರು ಮುಸ್ಲಿಮರು. ಬಾಯಾರಿದವನ ಧರ್ಮ ಯಾವುದೆಂದು ಕೇಳದಿರುವುದೇ ಕ್ರೈಸ್ತ ಪ್ರೀತಿಯ ಲಕ್ಷಣ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

1990ರ ಜನವರಿಯಲ್ಲಿ ಪೋಪ್ ಮತ್ತೆ ವಾಗಾಡೂಗುವಿಗೆ ಹೋಗಿ, ಹತ್ತು ವರ್ಷಗಳ ಹಿಂದಿನ ಮನವಿಯನ್ನು ಜಗತ್ತು ಮರೆಯದಂತೆ ನೆನಪಿಸಿದರು. 2004ರಲ್ಲಿ ಬ್ರೆಜಿಲ್‌ನ ಧರ್ಮಸಭೆ ನೀರನ್ನೇ ತಪಸ್ಸುಕಾಲದ ಅಭಿಯಾನದ ವಿಷಯವಾಗಿ ಆರಿಸಿಕೊಂಡಾಗ ಅವರು ಸಂದೇಶ ಕಳುಹಿಸಿದರು. ನೀರು ದೇವರ ವರದಾನ, ಎಲ್ಲರ ಹಕ್ಕು, ಅದನ್ನು ಬರಿಯ ಮಾರಾಟದ ಸರಕಿನಂತೆ ಕಾಣಬಾರದು ಎಂಬುದು ಅವರ ನಿಲುವು. ವಿಶ್ವಸಂಸ್ಥೆಯ ಮಹಾಸಭೆ ಶುದ್ಧ ನೀರನ್ನು ಮಾನವ ಹಕ್ಕೆಂದು ಅಂಗೀಕರಿಸಿದ್ದು 2010ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ. 2005ರ ಏಪ್ರಿಲ್ 2ರಂದು ದೈವಾಧೀನರಾಗಿದ್ದರು. 2014ರ ಏಪ್ರಿಲ್ 27ರಂದು ಅವರನ್ನು ಸಂತರೆಂದು ಘೋಷಿಸಲಾಯಿತು. ಅಕ್ಟೋಬರ್ 22 ಅವರ ಹಬ್ಬ.

ನಮ್ಮ ಕರಾವಳಿಯಲ್ಲಿ ಮಳೆಗೇನೂ ಬರವಿಲ್ಲ. ಆದರೂ ಏಪ್ರಿಲ್, ಮೇ ಬಂತೆಂದರೆ ಹಲವು ಕಡೆ ಬಾವಿಗಳು ತಳ ಕಾಣುತ್ತವೆ, ಸಮುದ್ರ ಮತ್ತು ಅಳಿವೆಗಳ ಬದಿಯ ಬಾವಿಗಳಲ್ಲಿ ಉಪ್ಪು ನೀರು ಬರುತ್ತದೆ. ನಮ್ಮ ವಾಳೆಯಲ್ಲಿ ಯಾರ ಬಾವಿ ಮೊದಲು ಬತ್ತುತ್ತದೆ ಎಂಬುದು ನಮ್ಮ ಗುರಿಕಾರರಿಗೆ ತಿಳಿದಿದೆಯೇ? ಚರ್ಚ್ ಮತ್ತು ಶಾಲೆಗಳ ಮಾಡಿನ ಮಳೆನೀರನ್ನು ಬಾವಿಗೆ ಇಳಿಸುವ ಕೆಲಸ ಪಾಲನಾ ಸಮಿತಿಯ ಸಭೆಯಲ್ಲಿ ಚರ್ಚೆಗೆ ಬಂದಿದೆಯೇ? ತುಂಬಿದ ಬಾವಿ ಇರುವ ಮನೆಯವರು ನೆರೆಯವರಿಗೆ, ಜಾತಿ ಧರ್ಮ ನೋಡದೆ, ಕೊಡಪಾನ ತುಂಬಿಸಿಕೊಳ್ಳಲು ಬಿಡುತ್ತಿದ್ದೇವೆಯೇ? ತಪಸ್ಸುಕಾಲದ ಕಾಣಿಕೆಯ ಲಕೋಟೆಯನ್ನು ಕೈಗೆತ್ತಿಕೊಳ್ಳುವಾಗ ನಾವು ಈ ಪ್ರಶ್ನೆಗಳನ್ನೂ ಕೇಳಿಕೊಳ್ಳೋಣ. ಕಾವಡಿ ಹೊತ್ತು ದುಡಿದ ಆ ಸಂತರು ನಮಗಾಗಿ ಪ್ರಾರ್ಥಿಸಲಿ.