ಕಂಕನಾಡಿಯ ಫಾದರ್ ಮುಲ್ಲರ್

ಮಂಗಳೂರಿಗೆ ಹೋಗಿ ಬಂದವರಿಗೆಲ್ಲ ಫಾದರ್ ಮುಲ್ಲರ್ ಅಂದ್ರೆ ಕಂಕನಾಡಿಯ ದೊಡ್ಡ ಆಸ್ಪತ್ರೆ. ನಮಗೂ ಅಷ್ಟೇ ಗೊತ್ತಿತ್ತು. ಆ ಹೆಸರಿನ ಹಿಂದೆ ಒಬ್ಬ ಮನುಷ್ಯ ಇದ್ದರು ಅನ್ನೋದು ನಮ್ಮ ತಲೆಗೆ ಬಂದದ್ದು ಮಂಗಳೂರಿನಲ್ಲಲ್ಲ, ಚನ್ನಗಿರಿ ತಾಲೂಕಿನ ತ್ಯಾವಣಿಗೆಯಲ್ಲಿ.

ನಮ್ಮ ಗುಂಪಿನ ಒಬ್ಬನ ಊರು ಅದು. ಕಳೆದ ರಜೆಯಲ್ಲಿ ನಾಲ್ಕು ಜನ ಅವನ ಮನೆಗೆ ಹೋಗಿದ್ವಿ. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲಿಗೆ ಒಬ್ಬ ಅಜ್ಜ ಬಂದ. ಕೈಬೆರಳುಗಳು ಮೊಟಕಾಗಿದ್ದವು. ಹಿಂದೆ ಯಾವಾಗಲೋ ಕುಷ್ಠ ಬಂದು, ಔಷಧಿ ತಗೊಂಡು ವಾಸಿಯಾಗಿ ಎಷ್ಟೋ ವರ್ಷವಾಗಿತ್ತಂತೆ. ಅವನಿಗೆ ಊಟ ಕೊಟ್ಟು ಬನ್ನಿ ಅಂತ ಮನೆಯ ಅಜ್ಜಿ ನಮಗೆ ಹೇಳಿದ್ರು. ನಾವು ತಟ್ಟೆಯನ್ನು ಅವನ ಕೈಗೆ ಕೊಡಲಿಲ್ಲ. ಕಟ್ಟೆ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಒಳಗೆ ಬಂದ್ವಿ. ಅಜ್ಜಿ ನೋಡಿದ್ರು, ಏನೂ ಅನ್ನಲಿಲ್ಲ. ಎರಡನೇ ಸಲ ಅನ್ನ ಬಡಿಸೋಕೆ ತಾವೇ ಹೋಗಿ, ಅವನ ಪಕ್ಕದಲ್ಲೇ ಕೂತು ಮಾತಾಡಿಸಿದ್ರು. ಶಾಲೆಗೆ ಹೋಗದ ಅಜ್ಜಿಗೆ ಇರದ ಭಯ ಎಂಜಿನಿಯರಿಂಗ್ ಓದುವ ನಮಗೆ ಯಾಕೆ ಇತ್ತು? ಆ ನಾಚಿಕೆಯಲ್ಲೇ ಕುಷ್ಠರೋಗದ ಬಗ್ಗೆ ಓದೋಕೆ ಕೂತಾಗ ಸಿಕ್ಕವರು ಫಾದರ್ ಮುಲ್ಲರ್.

ಅಗಸ್ಟಸ್ ಮುಲ್ಲರ್ ಹುಟ್ಟಿದ್ದು 1841ರಲ್ಲಿ, ಇಂದಿನ ಜರ್ಮನಿಯ ವೆಸ್ಟ್‌ಫೇಲಿಯಾದಲ್ಲಿ. ಅವರು ಯೇಸುಸಭೆಗೆ ಸೇರಿದ ಪಾದ್ರಿ. 1878ರಲ್ಲಿ ಮಂಗಳೂರಿನ ಕ್ಯಾಥೊಲಿಕ್ ಮಿಷನ್ನಿನ ಹೊಣೆಯನ್ನು ಪೋಪ್ ಈ ಸಭೆಗೆ ವಹಿಸಿದರು. ಅದೇ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಮಂಗಳೂರಿಗೆ ಬಂದಿಳಿದ ಮೊದಲ ತಂಡದಲ್ಲಿ ಮುಲ್ಲರ್ ಇದ್ದರು. ತಂಡದ ಮುಖ್ಯ ಕೆಲಸ ಕಾಲೇಜು ಕಟ್ಟೋದು. 1880ರಲ್ಲಿ ಶುರುವಾದ ಸೇಂಟ್ ಅಲೋಶಿಯಸ್ ಕಾಲೇಜು ಹೀಗೆ ಹುಟ್ಟಿದ್ದು.

ಆದರೆ ಮುಲ್ಲರ್ ಅವರ ಗಮನ ಬೇರೆ ಕಡೆ ಹೋಯಿತು. ಅವರಿಗೆ ಹೋಮಿಯೋಪತಿ ಗೊತ್ತಿತ್ತು. ಕಾಯಿಲೆ ಅಂತ ಬಂದವರಿಗೆ ಔಷಧಿ ಕೊಡೋಕೆ ಶುರು ಮಾಡಿದರು. ಕಂಕನಾಡಿಯ ಒಂದು ಆಲದ ಮರದ ಕೆಳಗೆ ಇದು ಆರಂಭವಾಯಿತು ಅಂತ ಇಂದಿಗೂ ಹೇಳ್ತಾರೆ. 1880ರಲ್ಲಿ ಅದಕ್ಕೊಂದು ರೂಪ ಬಂತು, ಹೆಸರು ಹೋಮಿಯೋಪತಿಕ್ ಪೂವರ್ ಡಿಸ್ಪೆನ್ಸರಿ. ಬಡವರಿಗೆ ಔಷಧಿ ಉಚಿತ. ಬಂದವರ ಜಾತಿ ಯಾವುದು, ಧರ್ಮ ಯಾವುದು ಅಂತ ಅಲ್ಲಿ ಕೇಳ್ತಿರಲಿಲ್ಲ.

ಉಚಿತ ಅಂದ್ರೆ ಎಲ್ಲಿಂದಲೋ ದುಡ್ಡು ಬರಬೇಕಲ್ವಾ? ನಮಗೆ ತುಂಬಾ ಇಷ್ಟವಾದದ್ದು ಇದೇ ಭಾಗ. ಮುಲ್ಲರ್ ಯುರೋಪಿನಿಂದ ಔಷಧಿ ತರಿಸಿ, ಕೊಳ್ಳುವ ಶಕ್ತಿ ಇದ್ದವರಿಗೆ ಟಪಾಲಿನಲ್ಲಿ ಕಳಿಸಿ ಮಾರುತ್ತಿದ್ದರು. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಅದಕ್ಕೂ ಮೊದಲೇ ಅಲ್ಲಿಂದ ದೇಶದ ಬೇರೆ ಬೇರೆ ಊರುಗಳಿಗೆ ಔಷಧಿಯ ಪಾರ್ಸೆಲ್ ಹೋಗುತ್ತಿತ್ತು. ಅದರ ಲಾಭ ಬಡವರ ಆರೈಕೆಗೆ. ಇವತ್ತಿನ ಭಾಷೆಯಲ್ಲಿ ಸ್ಟಾರ್ಟಪ್ ಅನ್ನಬಹುದೇನೋ, ಆದರೆ ಲಾಭ ಮಾಲೀಕನಿಗಲ್ಲ.

1890ರಲ್ಲಿ ಮುಲ್ಲರ್ ಕುಷ್ಠರೋಗಿಗಳಿಗಾಗಿ ಒಂದು ಆಶ್ರಯಧಾಮ ತೆರೆದರು. ಆ ಕಾಲವನ್ನು ಸ್ವಲ್ಪ ಊಹಿಸಿಕೊಳ್ಳಿ. ನಾರ್ವೆಯ ಹ್ಯಾನ್ಸನ್ 1873ರಲ್ಲೇ ರೋಗಾಣುವನ್ನು ಕಂಡುಹಿಡಿದಿದ್ದರೂ ಔಷಧಿ ಇರಲಿಲ್ಲ. ಗುಣ ಮಾಡುವ ಔಷಧಿಗಳು ಬಂದದ್ದು 1940ರ ದಶಕದಲ್ಲಿ. ನಮ್ಮ ಹಳ್ಳಿಗಳಲ್ಲಿ ಇದನ್ನು ದೊಡ್ಡ ರೋಗ ಅಂತಿದ್ರು, ಬಂದವರನ್ನು ಊರ ಹೊರಗೆ ಇಡುತ್ತಿದ್ದರು. ಮನೆಯವರೇ ಕೈಬಿಟ್ಟವರಿಗೆ ಮುಲ್ಲರ್ ಸೂರು, ಊಟ, ಆರೈಕೆ ಕೊಟ್ಟರು. ಹೋಮಿಯೋಪತಿ ಕುಷ್ಠವನ್ನು ಗುಣಪಡಿಸುತ್ತದೆ ಅನ್ನೋದನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ, ನಾವೂ ಹಾಗೆ ಬರೆಯಲ್ಲ. ಆದರೆ ಗುಣ ಮಾಡೋಕೆ ಆಗದ ಕಾಲದಲ್ಲೂ ಗಾಯ ತೊಳೆಯೋಕೆ, ಹತ್ತಿರ ಕೂರೋಕೆ ಯಾವ ಸಂಶೋಧನೆಯೂ ಬೇಕಿರಲಿಲ್ಲ. 1902ರಲ್ಲಿ ಮಂಗಳೂರಿಗೆ ಪ್ಲೇಗ್ ಬಂದಾಗ ಅದರ ರೋಗಿಗಳಿಗೂ ಅವರು ಆಸ್ಪತ್ರೆ ತೆರೆದರು.

ಈ ಲೇಖನ ಬರೆಯುವಾಗ ಹಾಸ್ಟೆಲ್‌ನಲ್ಲಿ ಒಂದು ವಾದ ಆಯ್ತು. ಇದೆಲ್ಲ ಮತಾಂತರಕ್ಕೇ ಅಲ್ವಾ ಅನ್ನೋದು ಕೆಲವರ ಪ್ರಶ್ನೆ. ಪ್ರಶ್ನೆ ತಪ್ಪಲ್ಲ. ಮುಲ್ಲರ್ ಮಿಷನರಿಯಾಗಿಯೇ ಬಂದವರು, ತಮ್ಮ ನಂಬಿಕೆಯನ್ನು ಮುಚ್ಚಿಟ್ಟವರಲ್ಲ. ಅದೇ ಮಂಗಳೂರಿನಲ್ಲಿ 1834ರಿಂದ ಇದ್ದ ಬಾಸೆಲ್ ಮಿಷನ್, ನೇಯ್ಗೆ ಮತ್ತು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು. ಮತಾಂತರವಾಗಿ ಕುಲಕಸುಬು, ನೆಂಟರಿಷ್ಟರನ್ನು ಕಳಕೊಂಡವರಿಗೆ ಕೆಲಸ ಕೊಡೋದು ಅದರ ಮುಖ್ಯ ಉದ್ದೇಶ. ಅದು ತಮ್ಮವರನ್ನು ಕಾಯುವ ಕೆಲಸ, ಅದೂ ಬೇಕಾದದ್ದೇ. ಡಿಸ್ಪೆನ್ಸರಿಯ ಬಾಗಿಲು ಬೇರೆ ಥರದ್ದು. ಅಲ್ಲಿ ಔಷಧಿ ಪಡೆಯೋಕೆ ಚರ್ಚಿನವರಾಗಿರಬೇಕಿರಲಿಲ್ಲ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಅವನ ಜನರೇ ದಾಟಿಹೋದಾಗ, ಅವರು ದೂರ ಇಟ್ಟಿದ್ದ ಸಮಾರ್ಯದವನೊಬ್ಬ ಎತ್ತಿಕೊಂಡ ಕಥೆ ಬೈಬಲ್‌ನಲ್ಲಿದೆ. ದಾಸೋಹದ ನಾಡಿನಲ್ಲಿ ಬೆಳೆದ ನಮಗೆ ಇದು ಹೊಸ ಮಾತೇನಲ್ಲ. ಪಂಕ್ತಿಗೆ ಬಂದವನ ಕುಲ ಕೇಳಬಾರದು ಅಂತ ನಮ್ಮ ಹಿರಿಯರೂ ಹೇಳಿದ್ರು. ಹೇಳಿದ್ದನ್ನು ಮಾಡೋದು ಮಾತ್ರ ಕಷ್ಟ. ಅವತ್ತು ಕಟ್ಟೆ ಹತ್ತಿರ ನಮಗೂ ಅದು ಗೊತ್ತಾಯ್ತು.

ಮುಲ್ಲರ್ ತೀರಿಕೊಂಡದ್ದು 1910ರ ನವೆಂಬರ್ 1ರಂದು, ಮಂಗಳೂರಿನಲ್ಲೇ. ಮುಂದೆ ಅವರ ಹೆಸರಿನಲ್ಲಿ 1985ರಲ್ಲಿ ಹೋಮಿಯೋಪತಿ ಕಾಲೇಜು, 1999ರಲ್ಲಿ ಮೆಡಿಕಲ್ ಕಾಲೇಜು ಬಂದವು.

ಇನ್ನೊಂದು ಮಾತು. ಕುಷ್ಠ ಈಗ ಪೂರ್ತಿ ಗುಣವಾಗುವ ಕಾಯಿಲೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ. ಕೈ ಮುಟ್ಟಿದ ಮಾತ್ರಕ್ಕೆ, ಜೊತೆಗೆ ಊಟ ಮಾಡಿದ ಮಾತ್ರಕ್ಕೆ ಅದು ಬರುವುದಿಲ್ಲ. ಚರ್ಮದ ಮೇಲೆ ಸ್ಪರ್ಶಜ್ಞಾನ ಇಲ್ಲದ ತಿಳಿ ಬಣ್ಣದ ಮಚ್ಚೆ ಕಂಡರೆ ಬೇಗ ತೋರಿಸಿದಷ್ಟೂ ಬೆರಳುಗಳು ಉಳಿಯುತ್ತವೆ.

ದಸರಾ ರಜೆಗೆ ಮತ್ತೆ ತ್ಯಾವಣಿಗೆಗೆ ಹೋಗ್ತಿದ್ದೇವೆ. ಆ ಅಜ್ಜ ಬಂದ್ರೆ ಈ ಸಲ ತಟ್ಟೆ ಕೈಗೇ ಕೊಡಬೇಕು ಅಂತ ನಾಲ್ಕೂ ಜನ ಮಾತಾಡಿಕೊಂಡಿದ್ದೇವೆ.